ಎಲೆಯ ಲೆಕ್ಕ, ಆಯ್ಲರನ ಲೆಕ್ಕ

ನಮ್ಮ ರಾಣೆಬೆನ್ನೂರು ಕಡೆ ಮದುವೆ ಮುಗಿದ ಮೇಲೆ ಎಷ್ಟು ಜನ ಬಂದಿದ್ದರು ಎಂದು ಯಾರೂ ಕೇಳುವುದಿಲ್ಲ, ಎಷ್ಟು ಎಲೆ ಆದವು ಎಂದು ಕೇಳುತ್ತಾರೆ. ಮದುವೆ ಮನೆಯ ಜನ ಒಂದು ಕಡೆ ನಿಲ್ಲುವವರಲ್ಲ. ಒಬ್ಬರು ಒಳಗೆ ಬಂದರೆ ಇಬ್ಬರು ಹೊರಗೆ ಹೋಗುತ್ತಾರೆ, ಮಕ್ಕಳಂತೂ ಕೈಗೇ ಸಿಗುವುದಿಲ್ಲ. ಎಲೆ ಹಾಗಲ್ಲ. ಉಂಡವರಿಗೆ ತಲಾ ಒಂದು ಎಲೆ, ಎಲೆಗೆ ತಲಾ ಒಬ್ಬರು. ತಂದ ಕಟ್ಟುಗಳಲ್ಲಿ ಎಷ್ಟು ಉಳಿದವು ಎಂದು ನೋಡಿದರೆ ಉಂಡವರ ಲೆಕ್ಕ ತಾನಾಗಿ ಸಿಕ್ಕಿತು. ನಮ್ಮ ಅವ್ವ ಶಾಲೆಯ ಮುಖ ಕಂಡದ್ದು ಎರಡನೇ ಇಯತ್ತೆಯವರೆಗೆ. ಆದರೂ ಈ ಲೆಕ್ಕದಲ್ಲಿ ಅವಳಿಗೆ ಮೋಸ ಮಾಡಲು ಇವತ್ತಿನವರೆಗೂ ಯಾವ ಅಡುಗೆಯವನಿಗೂ ಆಗಿಲ್ಲ.

ಇದನ್ನೇ ಗಣಿತದಲ್ಲಿ ಬೈಜೆಕ್ಷನ್ ಎನ್ನುತ್ತೇವೆ. ಎರಡು ಗುಂಪುಗಳಿವೆ ಎಂದುಕೊಳ್ಳಿ. ಒಂದರಲ್ಲಿರುವ ಪ್ರತಿಯೊಂದಕ್ಕೂ ಇನ್ನೊಂದರಲ್ಲಿ ಒಂದೇ ಒಂದು ಜೋಡಿ ಇರಬೇಕು, ಎರಡೂ ಕಡೆ ಯಾವುದೂ ಒಂಟಿಯಾಗಿ ಉಳಿಯಬಾರದು. ಹಾಗೆ ಜೋಡಿಸಿ ತೋರಿಸಿಬಿಟ್ಟರೆ ಎರಡೂ ಗುಂಪುಗಳ ಸಂಖ್ಯೆ ಸಮ ಎಂದು ಸಾಧಿಸಿದಂತೆ. ಆ ಸಂಖ್ಯೆ ಎಷ್ಟು ಎಂಬುದು ಗೊತ್ತಿರಬೇಕಾಗಿಯೂ ಇಲ್ಲ.

ನಾನು ಪುಣೆಗೆ ಬಂದು 19 ವರ್ಷವಾಯಿತು. ಇಲ್ಲಿನ ಒಂದು ಕಾಲೇಜಿನಲ್ಲಿ ಟಿ.ವೈ. ಬಿ.ಎಸ್ಸಿ. ಮಕ್ಕಳಿಗೆ ಎಣಿಕೆಯ ಗಣಿತ, ಅಂದರೆ ಕಾಂಬಿನೇಟರಿಕ್ಸ್, ಕಲಿಸುತ್ತೇನೆ. ಏಳೆಂಟು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಆಯ್ಲರನ ಒಂದು ಪ್ರಮೇಯ ಹೇಳಿಕೊಡುತ್ತಿದ್ದೆ. ಪ್ರಮೇಯ ಇಷ್ಟೇ: ಯಾವುದೇ ಸಂಖ್ಯೆಯನ್ನು ಬೇರೆ ಬೇರೆ ಸಂಖ್ಯೆಗಳ ಮೊತ್ತವಾಗಿ ಎಷ್ಟು ರೀತಿಯಲ್ಲಿ ಬರೆಯಬಹುದೋ, ಬರೀ ಬೆಸ ಸಂಖ್ಯೆಗಳ ಮೊತ್ತವಾಗಿಯೂ ಅಷ್ಟೇ ರೀತಿಯಲ್ಲಿ ಬರೆಯಬಹುದು. 5 ತೆಗೆದುಕೊಳ್ಳಿ. ಬೇರೆ ಬೇರೆ ಸಂಖ್ಯೆಗಳಲ್ಲಿ ಬರೆದರೆ 5, 4+1, 3+2, ಒಟ್ಟು ಮೂರು. ಬೆಸ ಸಂಖ್ಯೆಗಳಲ್ಲಿ ಬರೆದರೆ 5, 3+1+1, 1+1+1+1+1, ಅದೂ ಮೂರು. ಬೆಸದ ಪಟ್ಟಿಯಲ್ಲಿ ಒಂದೇ ಸಂಖ್ಯೆ ಎಷ್ಟು ಸಲ ಬಂದರೂ ಸರಿ. ನಾನು ಬೋರ್ಡಿನ ಮೇಲೆ ಎರಡು ಅನಂತ ಗುಣಲಬ್ಧ ಬರೆದೆ, ಒಂದನ್ನು ಇನ್ನೊಂದಾಗಿ ತಿರುಗಿಸಿದೆ, ಮೇಲೆ ಕೆಳಗೆ ಹೊಡೆದುಹಾಕಿದೆ, ಎರಡು ಕಡೆಯೂ ಒಂದೇ ಬಂತು. ಐದು ಸಾಲಿನ ಪ್ರೂಫ್. ಪರೀಕ್ಷೆಯಲ್ಲಿ ಐದು ಅಂಕ.

ತರಗತಿ ಮುಗಿದ ಮೇಲೆ ಒಬ್ಬ ಹುಡುಗ ಬಂದ. ಅಕ್ಕಲಕೋಟೆ ಕಡೆಯವನು, ಮನೆಮಾತು ಕನ್ನಡ, ಕಲಿತದ್ದೆಲ್ಲ ಮರಾಠಿ ಶಾಲೆಯಲ್ಲಿ. ನನ್ನ ಹತ್ತಿರ ಮಾತ್ರ ಕನ್ನಡದಲ್ಲಿ ಮಾತಾಡುತ್ತಿದ್ದ. ಎರಡೂ ಸಮ ಅಂತ ತಿಳೀತು ಮೇಡಂ, ಆದರೆ ಯಾವುದಕ್ಕೆ ಯಾವುದು ಜೋಡಿ ಅಂತ ಕೇಳಿದ. 4+1ಕ್ಕೆ ಆ ಕಡೆ ಯಾರು, 3+2ಕ್ಕೆ ಯಾರು? ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ. ಅದು ಸಿಲೆಬಸ್‌ನಲ್ಲಿ ಇಲ್ಲ, ಪರೀಕ್ಷೆಗೆ ಬರುವುದಿಲ್ಲ ಎಂದುಬಿಟ್ಟೆ. ಅವನು ತಲೆ ಅಲ್ಲಾಡಿಸಿ ಹೋದ. ಆಮೇಲೆ ವರ್ಷವಿಡೀ ಅವನು ನನ್ನನ್ನು ಏನೂ ಕೇಳಲಿಲ್ಲ.

ಅವ್ವನ ಎಲೆಯ ಲೆಕ್ಕ ನೋಡುತ್ತಲೇ ಬೆಳೆದವಳು ನಾನು. ಅವನು ಕೇಳಿದ್ದು ಅದನ್ನೇ ಎಂದು ಹೊಳೆಯಲು ನನಗೆ ತಿಂಗಳುಗಳೇ ಬೇಕಾದವು. ಆಮೇಲೆ ಆ ಪ್ರಮೇಯ ಎಲ್ಲಿಂದ ಬಂತು, ಆ ಮನುಷ್ಯನಿಗೆ ಈ ಪ್ರಶ್ನೆ ಹೇಗೆ ಹುಟ್ಟಿತು ಎಂದು ಹುಡುಕುತ್ತ ಹೋದೆ. ಅದುವರೆಗೆ ಆಯ್ಲರ್ ಅಂದರೆ ನನಗೆ ಪುಸ್ತಕದ ಪ್ರತಿ ಎರಡನೇ ಪುಟದಲ್ಲಿ ಬರುವ ಒಂದು ಹೆಸರು. ಹುಡುಕಿದಾಗ ಸಿಕ್ಕಿದವನು ನಮ್ಮ ಹಾಗೇ ಕೆಲಸಕ್ಕೆಂದು ಊರು ಬಿಟ್ಟು ಮತ್ತೆ ಊರಿಗೆ ಹೋಗಲಾಗದ ಒಬ್ಬ ಮನುಷ್ಯ.

ಲಿಯೊನ್‌ಹಾರ್ಡ್ ಆಯ್ಲರ್ ಹುಟ್ಟಿದ್ದು 1707ರ ಏಪ್ರಿಲ್ 15ರಂದು, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ. ಅಪ್ಪ ಪಾದ್ರಿ. ಬಾಸೆಲ್‌ಗೆ ಹತ್ತಿರದ ರೀಹೆನ್ ಎಂಬ ಹಳ್ಳಿಯ ಇಗರ್ಜಿಯಲ್ಲಿ ಅವನ ಕೆಲಸ, ಹುಡುಗ ಬೆಳೆದದ್ದು ಅಲ್ಲೇ. ಮಗನೂ ಪಾದ್ರಿಯಾಗಲಿ ಎಂಬುದು ಅಪ್ಪನ ಆಸೆ. 13ನೇ ವಯಸ್ಸಿಗೆ ವಿಶ್ವವಿದ್ಯಾಲಯಕ್ಕೆ ಸೇರಿಸಿದರು. ಅಲ್ಲಿ ಗಣಿತದ ಪ್ರಾಧ್ಯಾಪಕ ಯೋಹಾನ್ ಬರ್ನೂಲಿ, ಆಗಿನ ಯುರೋಪಿನ ದೊಡ್ಡ ಹೆಸರು, ಸಿಡುಕಿನ ಸ್ವಭಾವದವನು. ಹುಡುಗನಿಗೆ ಪ್ರತ್ಯೇಕ ಪಾಠ ಹೇಳಲು ತನಗೆ ಸಮಯವಿಲ್ಲ ಎಂದ. ಆದರೆ ಒಂದು ದಾರಿ ತೋರಿಸಿದ. ಕಷ್ಟದ ಪುಸ್ತಕಗಳನ್ನು ತಾನೇ ಓದಿಕೊಳ್ಳಬೇಕು, ಅರ್ಥವಾಗದ್ದನ್ನು ಗುರುತು ಹಾಕಿಕೊಂಡು ಶನಿವಾರ ಮಧ್ಯಾಹ್ನ ಮನೆಗೆ ಬಂದು ಕೇಳಬೇಕು. ಆಯ್ಲರ್ ವಾರವಿಡೀ ಒದ್ದಾಡಿ, ಶನಿವಾರ ಆದಷ್ಟು ಕಡಿಮೆ ಪ್ರಶ್ನೆ ಉಳಿಯುವಂತೆ ನೋಡಿಕೊಳ್ಳುತ್ತಿದ್ದನಂತೆ. ಎಂಥ ಸಿಡುಕನಾದರೂ ಬರ್ನೂಲಿ ಪ್ರಶ್ನೆ ಕೇಳಲು ಬಂದ ಹುಡುಗನಿಗೆ ಬಾಗಿಲು ಹಾಕಲಿಲ್ಲ. ಇದನ್ನು ಓದಿದ ದಿನ ನನಗೆ ಅಕ್ಕಲಕೋಟೆಯ ಹುಡುಗನ ಮುಖ ನೆನಪಾಗಿ ಪುಸ್ತಕ ಮುಚ್ಚಿಟ್ಟೆ.

19ರ ವಯಸ್ಸಿನಲ್ಲಿ ಆಯ್ಲರ್ ಬಾಸೆಲ್ ವಿಶ್ವವಿದ್ಯಾಲಯದ ಭೌತಶಾಸ್ತ್ರದ ಹುದ್ದೆಗೆ ಅರ್ಜಿ ಹಾಕಿದ. ಸಿಗಲಿಲ್ಲ. ಊರಲ್ಲಿ ಕೆಲಸ ಸಿಗದವನು ಏನು ಮಾಡುತ್ತಾನೆ? ರಷ್ಯಾದ ಪೀಟರ್ಸ್‌ಬರ್ಗ್‌ನಲ್ಲಿ ಹೊಸ ಅಕಾಡೆಮಿ ಶುರುವಾಗಿತ್ತು. ಬರ್ನೂಲಿಯ ಇಬ್ಬರು ಮಕ್ಕಳು ಮೊದಲೇ ಅಲ್ಲಿಗೆ ಹೋಗಿದ್ದರು, ಅವರ ಮೂಲಕ ಕರೆ ಬಂತು. ನಾವೆಲ್ಲ ಪುಣೆ, ಮುಂಬೈಗೆ ಬಂದದ್ದೂ ಹೀಗೇ ಅಲ್ಲವೇ? ಮೊದಲು ಬಂದ ಒಬ್ಬ ಅಣ್ಣನ ರೂಮು, ಅವನು ಹೇಳಿದ ಒಂದು ಮಾತು. 1727ರ ಏಪ್ರಿಲ್‌ನಲ್ಲಿ ಆಯ್ಲರ್ ರೈನ್ ನದಿಯ ದೋಣಿ ಹತ್ತಿದ. ಆಮೇಲೆ ಕುದುರೆ ಗಾಡಿ, ಆಮೇಲೆ ಹಡಗು. ತಲುಪಿದ್ದು ಮೇ ತಿಂಗಳಲ್ಲಿ. ಅದೇ ಹೊತ್ತಿಗೆ ಅಕಾಡೆಮಿಗೆ ಆಸರೆಯಾಗಿದ್ದ ಮಹಾರಾಣಿ ಒಂದನೇ ಕ್ಯಾಥರೀನ್ ತೀರಿಕೊಂಡಳು. ಕೆಲಸವೇ ಉಳಿಯುವುದೋ ಇಲ್ಲವೋ ಎನ್ನುವಂಥ ದಿನಗಳು. ಹೇಗೋ ನಿಂತ. ಅವನು ಬಾಸೆಲ್ಲನ್ನು ಮತ್ತೆ ಕಾಣಲಿಲ್ಲ. ಇನ್ನೂ 56 ವರ್ಷ ಬದುಕಿದ, ಬಾಸೆಲ್‌ನ ಪೌರತ್ವವನ್ನು ಕೊನೆಯವರೆಗೂ ಇಟ್ಟುಕೊಂಡ, ಆದರೆ ಊರಿಗೆ ಮಾತ್ರ ಹೋಗಲಿಲ್ಲ.

ಪೀಟರ್ಸ್‌ಬರ್ಗ್‌ನಲ್ಲೇ ಸ್ವಿಸ್ ಚಿತ್ರಕಾರನೊಬ್ಬನ ಮಗಳು ಕತರೀನಾಳನ್ನು ಮದುವೆಯಾದ. 13 ಮಕ್ಕಳು ಹುಟ್ಟಿದವು, ಬಾಲ್ಯ ದಾಟಿದ್ದು ಐದು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಗಣಿತ ಬರೆಯುತ್ತಿದ್ದ ಎನ್ನುತ್ತಾರೆ. 1738ರಲ್ಲಿ ಬಲಗಣ್ಣಿನ ದೃಷ್ಟಿ ಹೋಯಿತು.

1740ರಲ್ಲಿ ಬರ್ಲಿನ್ನಿನಿಂದ ಫಿಲಿಪ್ ನೋಡೆ ಎಂಬ ಗಣಿತಜ್ಞನ ಪತ್ರ ಬಂತು. ಅದರಲ್ಲಿ ಒಂದು ಪ್ರಶ್ನೆ: 50ನ್ನು ಏಳು ಬೇರೆ ಬೇರೆ ಸಂಖ್ಯೆಗಳ ಮೊತ್ತವಾಗಿ ಎಷ್ಟು ರೀತಿಯಲ್ಲಿ ಬರೆಯಬಹುದು? ಕಾಗದ ಪೆನ್ಸಿಲ್ ಹಿಡಿದು ಬರೆಯುತ್ತ ಕೂತರೆ ದಿನವೆಲ್ಲ ಬೇಕು, ಬರೆದ ಮೇಲೂ ಒಂದು ಬಿಟ್ಟುಹೋಯಿತೋ ಎಂಬ ಅನುಮಾನ ಬಿಡುವುದಿಲ್ಲ. ಆಯ್ಲರ್ ಪಟ್ಟಿ ಮಾಡಲು ಕೂರಲಿಲ್ಲ. ಗುಣಾಕಾರವನ್ನೇ ಎಣಿಕೆಗೆ ಹಚ್ಚಿದ. ಎರಡು ಆವರಣ ಗುಣಿಸುವಾಗ ನಾವು ಪ್ರತಿ ಆವರಣದಿಂದ ಒಂದೊಂದು ಪದ ಆರಿಸಿಕೊಳ್ಳುತ್ತೇವೆ, ಘಾತಗಳು ಕೂಡುತ್ತವೆ. ಹಾಗಾದರೆ 1 ಎಂಬ ಸಂಖ್ಯೆಗೆ ಒಂದು ಆವರಣ, 2ಕ್ಕೆ ಒಂದು, 3ಕ್ಕೆ ಒಂದು ಹೀಗೆ ಇಟ್ಟು, ಪ್ರತಿಯೊಂದರಲ್ಲೂ ಆ ಸಂಖ್ಯೆಯನ್ನು ತೆಗೆದುಕೊಳ್ಳುವ ಅಥವಾ ಬಿಡುವ ಅವಕಾಶ ಕೊಟ್ಟರೆ, ಎಲ್ಲವನ್ನೂ ಗುಣಿಸಿದಾಗ ಐವತ್ತನೇ ಘಾತದ ಮುಂದೆ ಬಂದು ನಿಲ್ಲುವ ಸಂಖ್ಯೆಯೇ 50ನ್ನು ಒಡೆಯುವ ರೀತಿಗಳ ಎಣಿಕೆ. ತೆಗೆದುಕೊಂಡದ್ದು ಏಳೇ ಸಂಖ್ಯೆ ಎಂದು ಗುರುತಿಡಲು ಇನ್ನೊಂದು ಅಕ್ಷರ ಸೇರಿಸಿದ. ನೋಡೆಯ ಪ್ರಶ್ನೆಗೆ ಉತ್ತರ 522. ಇವತ್ತು ಇದಕ್ಕೆ ಜನರೇಟಿಂಗ್ ಫಂಕ್ಷನ್ ಎಂದು ಹೆಸರು. 1741ರಲ್ಲಿ ಅಕಾಡೆಮಿಯ ಮುಂದೆ ಓದಿದ, 1748ರ ತನ್ನ ದೊಡ್ಡ ಪುಸ್ತಕದಲ್ಲಿ ಇದಕ್ಕೆ ಒಂದು ಇಡೀ ಅಧ್ಯಾಯ ಕೊಟ್ಟ. ನಾನು ಬೋರ್ಡಿನ ಮೇಲೆ ಬರೆದ ಐದು ಸಾಲು ಅಲ್ಲಿಯದು.

ಎಣಿಕೆಯ ಗಣಿತ ಅಲ್ಲಿಂದಲೇ ಶುರುವಾಯಿತು ಎಂದಲ್ಲ. ಇಷ್ಟು ವಸ್ತುಗಳಲ್ಲಿ ಇಷ್ಟನ್ನು ಎಷ್ಟು ರೀತಿಯಲ್ಲಿ ಆರಿಸಬಹುದು ಎಂಬುದರ ನಿಯಮವನ್ನು ನಮ್ಮ ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ 9ನೇ ಶತಮಾನದಲ್ಲೇ ಗಣಿತಸಾರಸಂಗ್ರಹದಲ್ಲಿ ಕೊಟ್ಟಿದ್ದಾನೆ. ಆದರೆ ಸಂಖ್ಯೆಯನ್ನು ಒಡೆಯುವ ರೀತಿಗಳನ್ನು ಎಣಿಸಲು ಗುಣಾಕಾರವನ್ನು ದುಡಿಸಿಕೊಂಡದ್ದು ಆಯ್ಲರ್.

ನೋಡೆಯ ಪ್ರಶ್ನೆಗೆ ಉತ್ತರಿಸಿದ ಮರುವರ್ಷವೇ ಆಯ್ಲರ್ ಬರ್ಲಿನ್ನಿಗೆ ಹೊರಟ. ರಷ್ಯಾದಲ್ಲಿ ರಾಜಕೀಯ ಕೆಟ್ಟಿತ್ತು, ಪ್ರಶ್ಯದ ದೊರೆ ಎರಡನೇ ಫ್ರೆಡರಿಕ್ ಕರೆಸಿಕೊಂಡ. ಬರ್ಲಿನ್ನಿನಲ್ಲಿ ರಾಜಮಾತೆ ಮಾತಾಡಿಸಿದರೆ ಇವನು ಒಂದೆರಡು ಶಬ್ದದಲ್ಲಿ ಮುಗಿಸುತ್ತಿದ್ದ. ಯಾಕೆ ಇಷ್ಟು ಮೌನ ಎಂದು ಆಕೆ ಕೇಳಿದಾಗ, ಮಾತಾಡಿದವರನ್ನು ಗಲ್ಲಿಗೇರಿಸುವ ದೇಶದಿಂದ ಬಂದವನು ತಾನು ಎಂದು ಹೇಳಿದನೆಂಬ ಕಥೆಯಿದೆ. ಬರ್ಲಿನ್ನಿನಲ್ಲಿ 25 ವರ್ಷ ದುಡಿದ. ಅಕಾಡೆಮಿಯ ಅಧ್ಯಕ್ಷ ತೀರಿಕೊಂಡ ಮೇಲೆ ಆ ಕೆಲಸವನ್ನೆಲ್ಲ ಮಾಡಿದವನು ಆಯ್ಲರ್, ಪದವಿ ಮಾತ್ರ ಕೊಡಲಿಲ್ಲ. ವರ್ಷಗಟ್ಟಲೆ ಪ್ರಭಾರ ಹೊತ್ತು ದುಡಿದ ನಮ್ಮ ಓದುಗರಲ್ಲಿ ಕೆಲವರಿಗೆ ಇದು ಚೆನ್ನಾಗಿ ಅರ್ಥವಾದೀತು. ಫ್ರೆಡರಿಕ್‌ಗೆ ಬೇಕಾದವರು ವಾಲ್ಟೇರ್‌ನಂಥ ಚತುರ ಮಾತುಗಾರರು. ಸಾದಾ ಬಟ್ಟೆಯ, ದೇವಭಕ್ತನಾದ, ಒಕ್ಕಣ್ಣಿನ ಈ ಸ್ವಿಸ್ ಮನುಷ್ಯನನ್ನು ಗ್ರೀಕ್ ಕಥೆಯ ಒಕ್ಕಣ್ಣ ರಾಕ್ಷಸನಿಗೆ ಹೋಲಿಸಿ ಗೇಲಿ ಮಾಡುತ್ತಿದ್ದ.

ಅಪ್ಪ 1745ರಲ್ಲಿ ತೀರಿಕೊಂಡ. 1750ರಲ್ಲಿ ಆಯ್ಲರ್ ಫ್ರಾಂಕ್‌ಫರ್ಟ್‌ವರೆಗೆ ಹೋಗಿ ಅವ್ವನನ್ನು ಎದುರುಗೊಂಡು ಬರ್ಲಿನ್ನಿಗೆ ಕರೆತಂದ. ಅವಳನ್ನು ಅವನು ಕೊನೆಯ ಸಲ ನೋಡಿ 23 ವರ್ಷವಾಗಿತ್ತು. ಬಾಸೆಲ್ ಅಲ್ಲಿಂದ ಇನ್ನು ಕೆಲವೇ ದಿನದ ದಾರಿ. ಹೋಗಲಿಲ್ಲ. ಆಮೇಲೆ ಶಾರ್ಲೊಟೆನ್‌ಬುರ್ಗ್‌ನಲ್ಲಿ ಹೊಲಮನೆ ಕೊಂಡ. ಅವ್ವ 1761ರಲ್ಲಿ ತೀರಿಕೊಳ್ಳುವವರೆಗೂ ಮಗನ ಜೊತೆಗೇ ಇದ್ದಳು. ನಮ್ಮ ಅವ್ವನಿಗೆ ಪುಣೆ ಹಿಡಿಸುವುದಿಲ್ಲ. ಬಂದರೆ ಹದಿನೈದು ದಿನ, ಹದಿನಾರನೇ ದಿನ ರಾಣೆಬೆನ್ನೂರಿನ ಬಸ್ಸು. ಆಯ್ಲರನ ಅವ್ವ ಹನ್ನೊಂದು ವರ್ಷ ಹೇಗೆ ಕಳೆದಳೋ, ಅವಳಿಗೆ ಅಲ್ಲಿ ಮಾತಿಗೆ ಯಾರು ಸಿಕ್ಕರೋ ಎಂದು ಎಷ್ಟೋ ಸಲ ಯೋಚಿಸಿದ್ದೇನೆ.

ಅವ್ವ ಬಂದ ಮರುವರ್ಷ, 1751ರ ಸೆಪ್ಟೆಂಬರ್ 4ರಂದು, ಆಯ್ಲರ್ ಗೆಳೆಯ ಗೋಲ್ಡ್‌ಬಾಕ್‌ಗೆ ಒಂದು ಪತ್ರ ಬರೆದ. ಬಹುಭುಜವನ್ನು ಮೂಲೆಯಿಂದ ಮೂಲೆಗೆ ಗೆರೆ ಎಳೆದು, ಗೆರೆಗಳು ಒಂದನ್ನೊಂದು ದಾಟದಂತೆ, ತ್ರಿಕೋನಗಳಾಗಿ ಎಷ್ಟು ರೀತಿಯಲ್ಲಿ ಕತ್ತರಿಸಬಹುದು ಎಂಬುದು ವಿಷಯ. ಚೌಕಕ್ಕೆ 2, ಐದು ಬಾಹುಗಳಿಗೆ 5, ಆರಕ್ಕೆ 14, ಏಳಕ್ಕೆ 42. ಹೀಗೇ ಹತ್ತು ಬಾಹುಗಳಿಗೆ 1430. ಸಂಖ್ಯೆಗಳ ನಡೆ ನೋಡಿ ಒಂದು ಸೂತ್ರ ಊಹಿಸಿದ. ಅದನ್ನು ತಲುಪಿದ ದಾರಿ ಬಲು ಶ್ರಮದ್ದು ಎಂದು ಮುಚ್ಚುಮರೆಯಿಲ್ಲದೆ ಹೇಳಿಕೊಂಡ. ಆಮೇಲೆ ಹಾಲೆ ಊರಿನ ಸೆಗ್ನರ್ ಎಂಬವನು ಚಿಕ್ಕ ಬಹುಭುಜಗಳಿಂದ ದೊಡ್ಡದರ ಲೆಕ್ಕ ಕಟ್ಟುವ ಕ್ರಮವನ್ನು ಕಾರಣಸಮೇತ ಕೊಟ್ಟ. ಇವತ್ತು ಇವು ಕ್ಯಾಟಲಾನ್ ಸಂಖ್ಯೆಗಳು ಎಂದೇ ಪ್ರಸಿದ್ಧ. ಕ್ಯಾಟಲಾನ್ ಬಂದದ್ದು 1838ರಲ್ಲಿ, ಹೆಸರು ಅವನಿಗೆ ಹೋಯಿತು. ನಾನು ಮಕ್ಕಳಿಗೆ ಮೂರು ಜೊತೆ ಆವರಣ ಚಿಹ್ನೆಗಳನ್ನು ಸರಿಯಾಗಿ ಹೊಂದುವಂತೆ ಎಷ್ಟು ರೀತಿ ಬರೆಯಬಹುದು ಎಂದು ಕೇಳುತ್ತೇನೆ. 5 ಬರುತ್ತದೆ. ಐದು ಬಾಹುಗಳ ಆಕೃತಿಗೂ 5. ಆವರಣಕ್ಕೂ ತ್ರಿಕೋನಕ್ಕೂ ಎಲ್ಲಿಯ ನಂಟು ಎಂದು ಹುಡುಕುವುದೇ ಮುಂದಿನ ಎರಡು ತರಗತಿಗಳ ಕೆಲಸ.

ಆಯ್ಲರನ ಗುಣ ಇದು: ಊಹಿಸಿದ್ದನ್ನು ಊಹೆ ಎಂದೇ ಬರೆಯುತ್ತಾನೆ. ಒಂದರಿಂದ ಶುರುವಾಗುವ ಆ ಅನಂತ ಗುಣಲಬ್ಧವನ್ನು ಕೂಡಿಸುವ ಬದಲು ಕಳೆಯುವ ಚಿಹ್ನೆ ಹಾಕಿ ಗುಣಿಸುತ್ತ ಹೋದಾಗ ಅವನಿಗೆ ಒಂದು ವಿಚಿತ್ರ ಕಂಡಿತು. ಪದಗಳೆಲ್ಲ ಒಂದನ್ನೊಂದು ಹೊಡೆದುಹಾಕಿ 1, 2, 5, 7, 12, 15 ಇಂಥ ಕೆಲವೇ ಘಾತಗಳು ಉಳಿಯುತ್ತಿದ್ದವು. ಇದು ಹೀಗೇ ಕೊನೆಯಿಲ್ಲದೆ ನಡೆಯುತ್ತದೆ ಎಂದು ಖಾತ್ರಿ, ಆದರೆ ಪ್ರೂಫ್ ಇಲ್ಲ. ಗೊತ್ತಿಲ್ಲ ಎಂಬುದನ್ನು ಬಚ್ಚಿಡದೆ ಸುಮಾರು ಹತ್ತು ವರ್ಷ ಬೇರೆಯವರಿಗೆ ಪತ್ರ ಬರೆಯುತ್ತ, ತಾನೂ ಹುಡುಕುತ್ತ ಇದ್ದು, 1750ರಲ್ಲಿ ಸಾಧಿಸಿದ. ಯುರೋಪಿನ ಅತಿ ದೊಡ್ಡ ಗಣಿತಜ್ಞನಿಗೆ ಗೊತ್ತಿಲ್ಲ ಎನ್ನಲು ನಾಚಿಕೆಯಾಗಲಿಲ್ಲ. ಪುಣೆಯ ಒಬ್ಬ ಲೆಕ್ಚರರ್‌ಗೆ ಆಯಿತು.

1766ರಲ್ಲಿ ಎರಡನೇ ಕ್ಯಾಥರೀನ್ ಕರೆದಳೆಂದು ಮತ್ತೆ ಪೀಟರ್ಸ್‌ಬರ್ಗ್‌ಗೆ ಹೋದ. ವಯಸ್ಸು 59. ಹೋದ ಸ್ವಲ್ಪದರಲ್ಲೇ ಉಳಿದ ಕಣ್ಣಿಗೂ ಪೊರೆ ಬಂತು. 1771ರಲ್ಲಿ ಶಸ್ತ್ರಚಿಕಿತ್ಸೆ ಮಾಡಿದರು, ಕೆಲವು ದಿನ ಕಂಡಿತು, ಆಮೇಲೆ ಸೋಂಕು ತಗುಲಿ ಪೂರ್ತಿ ಹೋಯಿತು. ಅದೇ ವರ್ಷ ಊರಿಗೆ ಬೆಂಕಿ ಬಿದ್ದು ಅವನ ಮನೆಯೂ ಹೊತ್ತಿಕೊಂಡಿತು. ಕಣ್ಣು ಕಾಣದ ಮುದುಕ ಒಳಗೆ ಸಿಕ್ಕಿಬಿದ್ದಿದ್ದ. ಬೆಂಕಿಯೊಳಗೆ ನುಗ್ಗಿ ಬೆನ್ನ ಮೇಲೆ ಹೊತ್ತು ತಂದವನು ಪೀಟರ್ ಗ್ರಿಮ್ ಎಂಬ ಕುಶಲಕರ್ಮಿ, ಬಾಸೆಲ್‌ನವನು! ಪರಊರಲ್ಲಿ ಆಪತ್ತು ಬಂದಾಗ ಊರವನೊಬ್ಬ ಎಲ್ಲಿಂದಲೋ ಬಂದು ನಿಲ್ಲುವುದು ನಮ್ಮಲ್ಲಿ ಎಷ್ಟೋ ಜನ ಕಂಡದ್ದೇ. ಎರಡು ವರ್ಷದ ನಂತರ ಇನ್ನೊಬ್ಬ ಬಾಸೆಲ್ ಹುಡುಗ, ಹದಿಹರೆಯದ ನಿಕ್ಲಾಸ್ ಫುಸ್, ಸಹಾಯಕನಾಗಿ ಬಂದ. ಮುದುಕ ಹೇಳುವುದು, ಹುಡುಗ ಬರೆಯುವುದು. ಆಯ್ಲರ್ ಕೊನೆಯವರೆಗೂ ಬಾಸೆಲ್‌ನ ಆಡುನುಡಿಯನ್ನು ಬಿಟ್ಟಿರಲಿಲ್ಲ ಎಂದು ಬರೆದಿಟ್ಟವನೂ ಈ ಫುಸ್ ತಾನೇ. ಅವನು ಮುಂದೆ ಆಯ್ಲರನ ಮೊಮ್ಮಗಳನ್ನೇ ಮದುವೆಯಾದ.

ಕಣ್ಣು ಹೋಗುತ್ತಿದ್ದ ಆ ದಿನಗಳಲ್ಲಿ ಆಯ್ಲರ್ ಬೀಜಗಣಿತದ ಒಂದು ಪಠ್ಯಪುಸ್ತಕ ಬರೆಸಿದ. ಬರೆದುಕೊಳ್ಳಲು ಕೂತವನು ಒಬ್ಬ ದರ್ಜಿಯ ಕೈಕೆಳಗಿದ್ದ ಹುಡುಗ. ಅಕ್ಷರ ಬರುತ್ತಿತ್ತು, ಗಣಿತ ಬರುತ್ತಿರಲಿಲ್ಲ. ಪುಸ್ತಕ ಮುಗಿಯುವ ಹೊತ್ತಿಗೆ ಅವನು ಬೀಜಗಣಿತದ ಕಠಿಣ ಲೆಕ್ಕಗಳನ್ನು ತಾನೇ ಬಿಡಿಸುತ್ತಿದ್ದನಂತೆ. ಆ ಪುಸ್ತಕ ಓದಿದರೆ ಇದು ನಂಬುವಂಥದ್ದೇ ಅನಿಸುತ್ತದೆ. ಸೂತ್ರ ಮೊದಲು ಬರುವುದಿಲ್ಲ. ಸಣ್ಣ ಲೆಕ್ಕ, ಅದರ ಪಕ್ಕ ಇನ್ನೊಂದು ಲೆಕ್ಕ, ಆಮೇಲೆ ನಿಯಮ. ಎದುರಿಗೆ ಕೂತ ಹುಡುಗನಿಗೆ ಅರ್ಥವಾಗದೆ ಮುಂದಿನ ಸಾಲಿಗೆ ಹೋಗಿಲ್ಲ.

ಕತ್ತಲಲ್ಲಿ ಕೂತು ಅವನು ಬರೆಸಿದ್ದು ಜೀವಮಾನದ ಕೆಲಸದ ಸುಮಾರು ಅರ್ಧ. ಎಲ್ಲವೂ ಸರಿಯಾಯಿತೆಂದಲ್ಲ. 1779ರಲ್ಲಿ 36 ಅಧಿಕಾರಿಗಳ ಸಮಸ್ಯೆ ಎತ್ತಿಕೊಂಡ. ಆರು ರೆಜಿಮೆಂಟು, ಪ್ರತಿಯೊಂದರಿಂದ ಆರು ದರ್ಜೆಯ ಆರು ಜನ. ಆರು ಸಾಲು, ಆರು ಕಂಬಸಾಲುಗಳಲ್ಲಿ ನಿಲ್ಲಿಸಬೇಕು. ಯಾವ ಸಾಲಿನಲ್ಲೂ, ಕಂಬಸಾಲಿನಲ್ಲೂ ರೆಜಿಮೆಂಟು, ದರ್ಜೆ ಎರಡನೇ ಸಲ ಬರಬಾರದು. ಆಗುವುದಿಲ್ಲ ಎಂದ, ಅದು ನಿಜವೂ ಹೌದು. ಆದರೆ 10, 14, 18 ಹೀಗೆ ಮುಂದಕ್ಕೂ ಆಗುವುದಿಲ್ಲ ಎಂದು ಊಹಿಸಿದ. 1959ರಲ್ಲಿ ಆರ್.ಸಿ. ಬೋಸ್, ಎಸ್.ಎಸ್. ಶ್ರೀಖಂಡೆ ಮತ್ತು ಪಾರ್ಕರ್ ಸೇರಿ ಆ ಊಹೆಯನ್ನು ಕೆಡವಿದರು. ಸುದ್ದಿ ನ್ಯೂಯಾರ್ಕ್ ಟೈಮ್ಸ್‌ನ ಮುಖಪುಟಕ್ಕೆ ಬಂತು. ಶ್ರೀಖಂಡೆಯವರು ಆಮೇಲೆ ಮುಂಬೈ ವಿಶ್ವವಿದ್ಯಾಲಯದ ಗಣಿತ ವಿಭಾಗದ ಮುಖ್ಯಸ್ಥರಾಗಿದ್ದರು. ಈ ಕಥೆ ಹೇಳಿದರೆ ನಮ್ಮ ತರಗತಿಯ ಹುಡುಗರ ಬೆನ್ನು ನೆಟ್ಟಗಾಗುತ್ತದೆ.

ಆಯ್ಲರ್ ತೀರಿಕೊಂಡದ್ದು 1783ರ ಸೆಪ್ಟೆಂಬರ್ 18ರಂದು. ಬೆಳಿಗ್ಗೆ ಮೊಮ್ಮಗುವಿಗೆ ಪಾಠ ಹೇಳಿದ. ಆಗಷ್ಟೇ ಫ್ರಾನ್ಸಿನಲ್ಲಿ ಮೊಂಗೊಲ್ಫಿಯೆ ಸೋದರರು ಬಲೂನು ಹಾರಿಸಿದ್ದರು, ಅದು ಏರುವ ಬಗೆಯ ಲೆಕ್ಕ ಸ್ಲೇಟಿನ ಮೇಲೆ ಮಾಡಿದ. ಊಟದ ನಂತರ ಹೊಸ ಗ್ರಹ ಯುರೇನಸ್‌ನ ಕಕ್ಷೆಯ ಮಾತು ನಡೆಯಿತು. ಸಂಜೆ ಮೊಮ್ಮಗನ ಜೊತೆ ಆಡುತ್ತಿದ್ದಾಗ ಮೆದುಳಿನ ರಕ್ತಸ್ರಾವವಾಗಿ ಕುಸಿದ. ಬರೆದಿಟ್ಟ ಲೇಖನಗಳು ಎಷ್ಟಿದ್ದವೆಂದರೆ ಪೀಟರ್ಸ್‌ಬರ್ಗ್ ಅಕಾಡೆಮಿ ಆಮೇಲೂ ಸುಮಾರು ಐವತ್ತು ವರ್ಷ ಅವನ್ನು ಅಚ್ಚು ಹಾಕುತ್ತಲೇ ಇತ್ತು.

ಅಕ್ಕಲಕೋಟೆಯ ಹುಡುಗ ಕೇಳಿದ ಜೋಡಿ ಮಾತ್ರ ಆ ಕಾಗದಗಳಲ್ಲಿ ಇರಲಿಲ್ಲ. ಅದು ಬಂದದ್ದು 1883ರಲ್ಲಿ, ಆಯ್ಲರ್ ಸತ್ತು ಸರಿಯಾಗಿ ನೂರು ವರ್ಷಕ್ಕೆ, ಕೇಂಬ್ರಿಜ್‌ನ ಗ್ಲೇಷರ್ ಎಂಬವನಿಂದ. ಎರಡು ವರ್ಷ ಮೊದಲು ಅಮೆರಿಕದಲ್ಲಿ ಫ್ರ್ಯಾಂಕ್ಲಿನ್ ಎಂಬ ತರುಣ 1, 2, 5, 7ರ ಆ ವಿಚಿತ್ರಕ್ಕೂ ಜೋಡಿ ಕಟ್ಟಿ ಕಾರಣ ತೋರಿಸಿದ್ದ. ಗ್ಲೇಷರನ ಉಪಾಯ ನೋಟು ಮುರಿಸಿದ ಹಾಗೆ. ಸಮ ಸಂಖ್ಯೆ ಕಂಡರೆ ಎರಡು ಸಮಪಾಲು ಮಾಡಿ ಮುರಿಸು. ಬಂದ ಪಾಲು ಮತ್ತೆ ಸಮವಾದರೆ ಮತ್ತೆ ಮುರಿಸು. ಬೆಸ ಬಂದಾಗ ನಿಲ್ಲು. 4+1ರಲ್ಲಿ ನಾಲ್ಕನ್ನು ಮುರಿಸಿದರೆ ಎರಡು ಎರಡು, ಅವನ್ನೂ ಮುರಿಸಿದರೆ ಎಲ್ಲ ಒಂದುಗಳೇ. 3+2ರಲ್ಲಿ ಎರಡನ್ನು ಮುರಿಸಿದರೆ 3+1+1. ವಾಪಸು ಬರಬೇಕಾದರೆ ಒಂದೇ ತೆರನ ಎರಡು ಸಿಕ್ಕಾಗಲೆಲ್ಲ ಕೂಡಿಸುತ್ತ ಹೋಗು, ಎಲ್ಲವೂ ಬೇರೆ ಬೇರೆಯಾದಾಗ ನಿಲ್ಲು. ಹೋದ ದಾರಿಯಲ್ಲೇ ತಿರುಗಿ ಬರಬಹುದು, ಆದ್ದರಿಂದ ಯಾರೂ ಒಂಟಿಯಾಗಿ ಉಳಿಯುವುದಿಲ್ಲ. ಅವ್ವನಿಗೂ ಹೇಳಿಕೊಡಬಹುದಾದಷ್ಟು ಸರಳ. ನನಗೆ ಇದು ತಿಳಿಯುವಾಗ ಆ ಹುಡುಗ ಡಿಗ್ರಿ ಮುಗಿಸಿ ಹೋಗಿದ್ದ. ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾನೆ ಎಂದು ಯಾರೋ ಹೇಳಿದರು. ಅವನ ನಂಬರ್ ನನ್ನಲ್ಲಿರಲಿಲ್ಲ.

ಅಂದಿನಿಂದ ಆ ಐದು ಸಾಲಿನ ಪ್ರೂಫ್‌ಗೆ ಮೊದಲು ನಾನು 20 ಚೀಟಿ ಮಾಡಿಕೊಂಡು ಹೋಗುತ್ತೇನೆ. 10ನ್ನು ಬೇರೆ ಬೇರೆ ಸಂಖ್ಯೆಗಳಲ್ಲಿ ಬರೆಯುವ ರೀತಿ ಹತ್ತು, ಬೆಸ ಸಂಖ್ಯೆಗಳಲ್ಲಿ ಬರೆಯುವ ರೀತಿ ಹತ್ತು. ಇಪ್ಪತ್ತು ಮಕ್ಕಳಿಗೆ ಹಂಚಿ, ನಿಮ್ಮ ನಿಮ್ಮ ಜೋಡಿ ಹುಡುಕಿಕೊಳ್ಳಿ ಎನ್ನುತ್ತೇನೆ. ಉಪಾಯ ಹೇಳುವುದಿಲ್ಲ. ಈ ವರ್ಷವೂ ಗದ್ದಲವೋ ಗದ್ದಲ, ಪಕ್ಕದ ಕ್ಲಾಸಿನವರು ಬಂದು ಇಣುಕಿ ಹೋದರು. 7+3 ಇಬ್ಬರ ಕೈಯಲ್ಲೂ ಇತ್ತು, ಅವರು ತಕ್ಷಣ ಸೇರಿದರು. 9+1 ಕೂಡ ಹಾಗೇ. 10 ಎಂಬ ಚೀಟಿ ಹಿಡಿದ ಹುಡುಗಿ ಹತ್ತು ಒಂದುಗಳ ಚೀಟಿ ಹಿಡಿದವನ ಪಕ್ಕ ನಿಂತು ನಮ್ಮದು ಮುಗೀತು ಎಂದಳು. ನೋಡಿದವರೆಲ್ಲ ಒಪ್ಪಿದರು. ಹಿಂದಿನ ಬೆಂಚಿನ ಹತ್ತಿರ 5+5 ಹಿಡಿದವನು ಮತ್ತು 8+2 ಹಿಡಿದವಳು ಒಂಟಿಯಾಗಿ ಉಳಿದಿದ್ದರು, ಬೇರೆ ಯಾರೂ ಸಿಗದೆ ತಾವಿಬ್ಬರೇ ಜೋಡಿ ಇರಬೇಕು ಎಂದು ಹತ್ತಿರ ಬರುತ್ತಿದ್ದರು. ನಾನು ಬಾಯಿ ಬಿಡಲಿಲ್ಲ. 3+3+3+1 ಮತ್ತು 6+3+1 ಸೇರಿದ್ದು ಹೇಗೆ ಎಂದು ಅವರನ್ನೇ ಕೇಳಿ ಎಂದೆ. ಆರನ್ನು ಮುರಿಸಿದೆವು ಎಂದರು ಅವರು. 10ರ ಹುಡುಗಿ ಒಂದು ಗಳಿಗೆ ತನ್ನ ಚೀಟಿ ನೋಡಿದಳು. ಬೆರಳಿನಲ್ಲಿ ಎರಡು ಭಾಗ ಮಾಡಿದಳು, ಐದು, ಐದು. ಆಮೇಲೆ ಬೆಂಚುಗಳ ನಡುವೆ ದಾರಿ ಮಾಡಿಕೊಂಡು ಹಿಂದಕ್ಕೆ ನಡೆದಳು. 8+2ರವಳು ಮುಂದಕ್ಕೆ ಬಂದಳು.